ನಶ್ಯದ ಡಬ್ಬಿ

ಎರಡು ಮನೆಯವರು ಸಾಕಲಾಗದೆ ವಾಪಸು ಕೊಟ್ಟ ಬೀದಿನಾಯಿಯನ್ನು ಚೆಲುವಯ್ಯನವರು ಕರೆತಂದರು. ಬಂದದ್ದೇ ಅದು ಮಂಚದ ಕೆಳಗೆ ನುಗ್ಗಿತು. ಮನೆಯ ಬೆಕ್ಕು ಕಿಟಕಿಯ ಮೇಲಿಂದಲೇ ವಿಚಾರಣೆ ಶುರುಮಾಡಿತು.

“ನಿನ್ನ ಹೆಸರೇನು?”

“ಹಚಾ,” ಎಂದಿತು ನಾಯಿ. “ಬೀದಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕರೆದ ಮೇಲೆ ಕಲ್ಲು ಬೀಳುತ್ತಿತ್ತು.”

ಅದು ಹೆಸರಲ್ಲ, ನಾಯಿ ಓಡಿಸುವ ಮಾತು ಎಂದು ಬೆಕ್ಕಿಗೆ ಗೊತ್ತಿತ್ತು. ಹೇಳಿ ನಗಬೇಕು ಎನ್ನುವಷ್ಟರಲ್ಲಿ ಚೆಲುವಯ್ಯನವರು ನಶ್ಯ ಏರಿಸಿ ಜೋರಾಗಿ ಸೀನಿದರು. “ಹ... ಹಚ್ಚಾ!”

ನಾಯಿ ಮುದುಡಿಕೊಂಡು ಕಲ್ಲಿಗೆ ಕಾಯಿತು. ಕಲ್ಲು ಬರಲಿಲ್ಲ. ಚೆಲುವಯ್ಯನವರು ಮೂಗು ಒರೆಸಿಕೊಂಡು ಪೇಪರ್ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಮತ್ತೆ ಸೀನಿದರು. ಆಗಲೂ ಕಲ್ಲು ಬರಲಿಲ್ಲ. ನಾಲ್ಕನೇ ದಿನ, ಸೀನು ಕೇಳಿದ್ದೇ ತಡ, ನಾಯಿ ಬಾಲ ಆಡಿಸುತ್ತ ಬಂದು ಅವರ ಕಾಲ ಬಳಿ ಕೂತಿತು.

“ಎಷ್ಟು ಸಲ ಹೆಸರು ಹಿಡಿದು ಕರೆಯುತ್ತಾರೆ, ನೋಡಿದಿರಾ?” ಎಂದು ಬೆಕ್ಕನ್ನು ಕೇಳಿತು. “ಒಮ್ಮೆಯೂ ಕಲ್ಲೆಸೆದಿಲ್ಲ.”

ನಿಜ ಸಂಗತಿ ಬೆಕ್ಕಿನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಮೇಜಿನ ಮೇಲೆ ಹಾರಿ, ನಶ್ಯದ ಡಬ್ಬಿಯನ್ನು ಮೂತಿಯಿಂದ ಯಜಮಾನರ ಕೈಯ ಹತ್ತಿರಕ್ಕೆ ತಳ್ಳಿತು.