ಅಂಗೈಗುಡ್ಡದ ಕೆಂಪು ಕುಳಿಗಳು

ಹಿರೇಕಣವಿಯ ಉತ್ತರಕ್ಕೆ ಒಂದು ಬೋಳು ಗುಡ್ಡವಿದೆ. ಅದರ ಹೆಸರು ಅಂಗೈಗುಡ್ಡ. ದೂರದಿಂದ ಅದು ಅಂಗೈಯಂತೆ ಕಾಣುವುದಿಲ್ಲ. ಹಾಗೆ ಹುಡುಕುತ್ತ ನಿಲ್ಲುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಹೆಸರು ಆಕಾರದಿಂದ ಬಂದದ್ದಲ್ಲ. ನೆತ್ತಿಯ ಮೇಲೆ ದೊಡ್ಡ ಹಾಸುಬಂಡೆಯಿದೆ. ಅದರ ತುಂಬ ಒಡ್ಡಿದ ಅಂಗೈಯಷ್ಟು ಅಗಲದ ಕುಳಿಗಳಿವೆ. ಮಳೆ ಬಂದುಹೋದ ಮೇಲೆ ಅವುಗಳಲ್ಲಿ ನಿಲ್ಲುವ ನೀರು ಕೆಂಪಗಿರುತ್ತದೆ. ಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ ಎಂದು ಓದಿದವರು ಹೇಳುತ್ತಾರೆ, ಇದ್ದರೂ ಇರಬಹುದು. ಊರಿನವರು ಮಾತ್ರ ಅದು ತಾಂಬೂಲದ ಉಗುಳು, ದನ ಕೂಡ ಅದಕ್ಕೆ ಮೂತಿ ಇಡುವುದಿಲ್ಲ ಎನ್ನುತ್ತಾರೆ.

ಈ ಊರಿನಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಅದನ್ನು ವಿವರಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊರಿನ ಯಾವ ತೀರ್ಮಾನವೇ ಇರಲಿ, ಜನ ಈ ಬಂಡೆಯ ಮೇಲೆ ಸೇರುತ್ತಿದ್ದರು. ಮನೆಗೊಂದರಂತೆ ಎಲೆ ಇಟ್ಟ ತಟ್ಟೆ ಎಲ್ಲರ ಮುಂದೆ ಹೋಗುತ್ತಿತ್ತು. ಎಲೆ ಎಂದರೆ ವೀಳ್ಯದೆಲೆ, ಊಟದ ಎಲೆಯಲ್ಲ. ಎಲೆ ಎತ್ತಿಕೊಂಡು ಅಗಿದವನು ಒಪ್ಪಿದಂತೆ, ತಟ್ಟೆಯಲ್ಲೇ ಬಿಟ್ಟವನು ಒಪ್ಪಲಿಲ್ಲವೆಂದಂತೆ. ಒಂದೇ ಒಂದು ಎಲೆ ಉಳಿದರೂ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬಾಯಿ ಬಿಟ್ಟು ಹೇಳಲು ಅಂಜುವವನಿಗೂ ಇದರಿಂದ ದನಿಯಿತ್ತು. ತಟ್ಟೆ ಹಿಡಿದು ಸುತ್ತುವ ಕೆಲಸ ಸಂಕವ್ವ ಎಂಬುವಳದು. ಅವಳಿಗೆ ಬರಮಪ್ಪ ಎಂಬ ತಮ್ಮ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹೀಗಿರುವಾಗ ಊರಿಗೆ ದನಗಳ್ಳರ ಕಾಟ ಬಂತು. ಕಾವಲಿಗೆಂದು ಭುಜಂಗರಾಯ ಎಂಬುವನನ್ನು ಕರೆಸಿದರು. ಅವನು ಕಳ್ಳರನ್ನು ನಿಜವಾಗಿಯೂ ಓಡಿಸಿದ, ಇದನ್ನು ಮುಚ್ಚಿಡಬಾರದು. ಅವನ ಮಾತು ಕೇಳಲು ಹಿತವಾಗಿತ್ತು. ಎಲ್ಲರ ಹೆಸರು ಹಿಡಿದು ಕರೆಯುತ್ತಿದ್ದ, ಕರು ಹಾಕಿದ ಆಕಳನ್ನೂ ವಿಚಾರಿಸುತ್ತಿದ್ದ. ಒಮ್ಮೆ ಸಭೆಯಲ್ಲಿ ಅವನು ನಕ್ಕು, "ಇಷ್ಟು ಮಂದಿ ಯಾಕ ಬಾಯಿ ನೋಯಿಸ್ಕೋತೀರಿ? ನಿಮ್ಮೆಲ್ಲರ ಎಲಿ ನಾನ ಅಗೀತೀನಿ" ಎಂದ. ಊರ ಹಿರಿಯ ಅಡಿವೆಪ್ಪಜ್ಜ, "ನನಗಂತೂ ಹಲ್ಲಿಲ್ಲ, ನಂದೂ ಅಗದುಬಿಡಪಾ" ಎಂದಾಗ ಜನ ಹೊಟ್ಟೆ ಹಿಡಿದು ನಕ್ಕರು. ಸಂಕವ್ವನೂ ನಕ್ಕಳು. ಇಡೀ ತಟ್ಟೆಯನ್ನು ಅವನ ಮುಂದೆ ಇಟ್ಟವಳು ಅವಳೇ.

ಅಂದಿನಿಂದ ಊರಿನ ಒಪ್ಪಿಗೆಯೆಲ್ಲ ಒಬ್ಬನ ಬಾಯೊಳಗೆ ಹೋಯಿತು. ಮುಂದಿನದನ್ನು ಹೇಳಲು ಹೇಸಿಗೆಯಾಗುತ್ತದೆ, ಆದರೂ ಹೇಳಬೇಕು. ಅವನು ಅಗಿದು ಉಗುಳುವ ತಾಂಬೂಲವನ್ನು ಯಾರೋ ಒಬ್ಬ ಅಂಗೈಯಲ್ಲಿ ಹಿಡಿದು ಪ್ರಸಾದವೆಂದು ಕಣ್ಣಿಗೊತ್ತಿಕೊಂಡ. ಅವನಿಗೆ ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೂ ಕೈ ಒಡ್ಡಿದರು. ತಾಯಂದಿರು ಮಕ್ಕಳ ಕೈಗಳನ್ನು ಹಿಡಿದು ಮುಂದೆ ಚಾಚಿದರು. ತನಗೆ ಸಿಗಲಿಲ್ಲವೆಂದು ಅತ್ತವರೂ ಇದ್ದರು ಎನ್ನುತ್ತಾರೆ.

ಆಮೇಲೆ ಭುಜಂಗರಾಯ, ಊರಿನ ತಗ್ಗಿನಲ್ಲಿರುವ ಕೆಳಗೇರಿಯವರು ಕಳ್ಳರಿಗೆ ಅನ್ನ ಹಾಕುತ್ತಾರೆ, ಅವರಿಗೆ ಕೆರೆಯ ನೀರು ನಿಲ್ಲಿಸಬೇಕು ಎಂದ. ಕಳ್ಳರು ಹೋಗಿ ಎಷ್ಟೋ ಕಾಲವಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕೆಳಗೇರಿಯ ಪಾಲಿನ ನೀರು ತಮ್ಮ ಹೊಲಕ್ಕೆ ಬರುತ್ತದೆ ಎಂಬುದೂ ಗೊತ್ತಿತ್ತು. ಬರಮಪ್ಪ ಒಬ್ಬನೇ ಎದ್ದು ನಿಂತು, "ನನ್ನ ಎಲಿ ನನಗ ಕೊಡ್ರಿ ಧಣಿ. ನಾ ಹೂಂ ಅಂದಿಲ್ಲ" ಎಂದ.

"ನಿನ್ನ ಎಲಿ ನನ್ನ ಬಾಯಾಗ ಐತಲ್ಲೋ ತಮ್ಮಾ. ಬೇಕಂದ್ರ ಕೈ ಒಡ್ಡು."

ಜನ ನಕ್ಕರು. ಬರಮಪ್ಪ ಕೈ ಒಡ್ಡಿದ, ಬಿದ್ದ ಉಗುಳನ್ನು ಭುಜಂಗರಾಯನ ಕಾಲ ಬಳಿಯೇ ಕೊಡವಿದ. "ಪ್ರಸಾದ ಚೆಲ್ಲಿದ!" ಎಂದು ಜನ ಎದ್ದರು. ಬಂಡೆಯ ಒಂದು ಬದಿ ಕಡಿದಾದ ಪ್ರಪಾತ. ಅವನನ್ನು ಅತ್ತ ನೂಕಿಕೊಂಡು ಹೋದರು. ಸಂಕವ್ವ ಅಡಿವೆಪ್ಪಜ್ಜನ ಕಾಲು ಹಿಡಿದಳು.

"ಅಜ್ಜಾ, ನೀ ಅಂದ್ರ ಬಿಡ್ತಾರ. ಒಂದ ಮಾತು ಬ್ಯಾಡ ಅನ್ನು."

"ಸುಮ್ಮನಿರವ್ವಾ. ಎಲಿ ಕೊಟ್ಟಾಗೇತಿ, ಈಗೇನು ಅನ್ನೂದು?"

ಬರಮಪ್ಪ ಕೆಳಗೆ ಬಿದ್ದ. ಭುಜಂಗರಾಯ ಕುಳಿತಲ್ಲಿಂದ ಏಳಲಿಲ್ಲ. ಬಾಯಿ ಒರೆಸಿಕೊಂಡು, "ನಾ ಏನಾರ ಅಂದೆನೇನು?" ಎಂದು ಕೇಳಿದ. ಅವನು ಏನೂ ಅಂದಿರಲಿಲ್ಲ.

ಅಂದು ಸಂಕವ್ವ ತನ್ನ ಕೈಯ ಕೆಂಪು ನೋಡಿಕೊಂಡು ಬಂಡೆಗೆ ಉಜ್ಜತೊಡಗಿದಳು. ತೊಳೆದರೂ ಹೋಗದ ಆ ಬಣ್ಣ ಎಲ್ಲರ ಅಂಗೈಯಲ್ಲೂ ಇತ್ತು. ಒಬ್ಬೊಬ್ಬರಾಗಿ ಬಂದು ಮರಳು ಹಾಕಿ ಉಜ್ಜಿದರು. ಹಾಗೆಂದು ಕೈ ಒಡ್ಡುವುದನ್ನು ಬಿಟ್ಟರೆಂದು ತಿಳಿಯಬೇಡಿ. ಭುಜಂಗರಾಯ ಮುದುಕನಾಗಿ ಸಾಯುವವರೆಗೂ ಸಭೆಯಲ್ಲಿ ಒಡ್ಡುತ್ತಿದ್ದರು, ಸಭೆ ಮುಗಿದ ಮೇಲೆ ಉಜ್ಜುತ್ತಿದ್ದರು. ಅವನು ಸತ್ತ ಮೇಲೆ ಕೇಳಿದರೆ ಎಲ್ಲರದೂ ಒಂದೇ ಮಾತು: "ನಾ ಹಿಂದ ನಿಂತಿದ್ದೆ." ಅಷ್ಟೂ ಜನ ಹಿಂದೆಯೇ ನಿಂತಿದ್ದರೆ ಬರಮಪ್ಪನ ಬೆನ್ನ ಮೇಲೆ ಇದ್ದ ಕೈಗಳು ಯಾರವು?

ಉಜ್ಜಿ ಉಜ್ಜಿ ಆದವೇ ಈ ಕುಳಿಗಳು ಎನ್ನುತ್ತಾರೆ. ಪ್ರಪಾತದ ಅಂಚಿಗಿರುವ ಎಲ್ಲಕ್ಕಿಂತ ಆಳವಾದ ಕುಳಿ ಸಂಕವ್ವನದು. ಹಿರೇಕಣವಿಯಲ್ಲಿ ಇಂದಿಗೂ ಒಬ್ಬರ ಎಲೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಗುಡ್ಡಕ್ಕೆ ಬಂದವರಿಗೆ ಕುಳಿಯಲ್ಲಿ ಕೈ ಇಡಬೇಡಿ ಎಂದು ಊರಿನವರು ಹೇಳುತ್ತಾರೆ. ಕಥೆ ಕೇಳಿ ಛೀ ಎಂದವರೂ ಇಟ್ಟು ನೋಡುತ್ತಾರೆ. ಪ್ರತಿಯೊಬ್ಬರಿಗೂ ತನ್ನ ಕೈಗೆ ಸರಿಯಾಗಿ ಹೊಂದುವ ಕುಳಿಯೊಂದು ಅಲ್ಲಿ ಸಿಗುತ್ತದೆ. ಆಗ ಅವರು ಥಟ್ಟನೆ ಕೈ ತೆಗೆದು, ಯಾರೂ ನೋಡದಂತೆ ಬಟ್ಟೆಗೆ ಒರೆಸಿಕೊಳ್ಳುತ್ತಾರೆ.