ಐಸ್ ಪಾನಕ ಮತ್ತು ಒಳಗಣ್ಣು

ಹೊಳೆದಂಡೆಯ ಆ ಮಠದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಂಬಿಗೆ ತುಟಿಗೆ ತಾಗಬಾರದು. ನೀರಾಗಲಿ, ಪಾನಕವಾಗಲಿ, ಎತ್ತಿಯೇ ಕುಡಿಯಬೇಕು.

ವಿರೂಪಣ್ಣ ಒಂಬತ್ತು ವರ್ಷದಿಂದ ಅದನ್ನು ಪಾಲಿಸಿದ್ದ. ಜಪ, ಧ್ಯಾನ, ಉಪವಾಸ, ಯಾವುದರಲ್ಲೂ ಒಂದು ದಿನ ತಪ್ಪಿದವನಲ್ಲ. ಆದರೂ ಹುಬ್ಬುಗಳ ನಡುವಿನ ಒಳಗಣ್ಣು ತೆರೆಯಲಿಲ್ಲ. ಬೇಸತ್ತು ಗಂಟು ಕಟ್ಟಿಟ್ಟಿದ್ದ. ನಾಳೆ ಮಠ ಬಿಡುತ್ತೇನೆಂದು ಗುರುಗಳಿಗೂ ಹೇಳಿಯಾಗಿತ್ತು.

ಅಂದು ಸುಡುಬಿಸಿಲು. ಭಕ್ತರೊಬ್ಬರು ಪೇಟೆಯಿಂದ ದೊಡ್ಡ ಐಸ್ ಗಡ್ಡೆ ತಂದು ಬೆಲ್ಲದ ಪಾನಕದ ಹಂಡೆಗೆ ಹಾಕಿದರು.

ವಿರೂಪಣ್ಣ ತಂಬಿಗೆ ಎತ್ತಿದ. ಗಟಗಟನೆ, ಒಂದೇ ಉಸಿರಿಗೆ ಅರ್ಧ ಖಾಲಿ.

ಹಣೆಯ ನಟ್ಟನಡುವೆ ದಬ್ಬಣ ಚುಚ್ಚಿದಂತಾಯಿತು.

ಪಾಪ, ಅವನಿಗಾದ ಸಂತೋಷ ಅಷ್ಟಿಷ್ಟಲ್ಲ! ತಂಬಿಗೆ ಹಿಡಿದುಕೊಂಡೇ ಗುರುಗಳ ಬಳಿ ಓಡಿದ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ತೆರೀತ್ರೀ! ಒಳಗಣ್ಣು ತೆರೀತು! ನಡುಹಣಿ ಸೀಳಿದಂಗ ಆಗಾಕತ್ತೈತ್ರೀ!”

ಅಜ್ಜಾರು ತಂಬಿಗೆ ಇಸಿದುಕೊಂಡು ಉಳಿದದ್ದನ್ನು ಎತ್ತಿ ಕುಡಿದರು. ಮರುಗಳಿಗೆಯೇ ಹಣೆ ಹಿಡಿದುಕೊಂಡರು.

“ಅಯ್ಯಯ್ಯಪ್ಪಾ! ನನಗೂ ತೆರೀತಲ್ಲೋ!”

ವಿರೂಪಣ್ಣನ ಮುಖ ಬಾಡಿತು.

“ನಾಲಿಗಿ ಮ್ಯಾಲ ಅಂಗುಳಕ್ಕ ಒತ್ತಿ ಹಿಡಿ,” ಎಂದರು ಅಜ್ಜಾರು. “ಬಾಯಿ ಮುಚ್ಚು.”

ಇಬ್ಬರೂ ಹಾಗೆಯೇ ಕುಳಿತರು. ಹತ್ತಿಪ್ಪತ್ತು ಉಸಿರಾಡುವಷ್ಟರಲ್ಲಿ ನೋವು ಮಾಯವಾಯಿತು.

“ಹೋತ್ರೀ.”

“ಥಂಡಿ ಬಡದದ್ದು ಅಂಗುಳಕ್ಕ. ಒದರಿದ್ದು ಹಣಿ. ಅಂಗುಳ ಬೆಚ್ಚಗಾತು, ಹಣಿ ಸುಮ್ಮನಾತು.”

“ಅಂದರ ಇದು ಬರೇ ಐಸ್ ಏನ್ರೀ?” ವಿರೂಪಣ್ಣನ ಕಣ್ಣು ತುಂಬಿ ಬಂತು. “ಒಂಬತ್ತು ವರ್ಷ ಕಾದೀನ್ರೀ ನಾ.”

ಅಷ್ಟರಲ್ಲಿ ಹಂಡೆಯ ಕಡೆಯಿಂದ ಕೂಗು ಕೇಳಿಸಿತು.

“ಯಪ್ಪಾ, ಸತ್ತೆ! ತಲಿ ಒಡದು ಹೋತು!”

ಮಠದ ಬಟ್ಟೆ ಒಗೆಯುವ ಮುದುಕಿ ನೀಲವ್ವ. ಐಸ್ ಹಾಕಿದ್ದನ್ನು ಕುಡಿದದ್ದು ಅದೇ ಮೊದಲು. ತಲೆ ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದಳು. ಸಾವೇ ಬಂತೆಂದು ಗಡಗಡ ನಡುಗುತ್ತಿದ್ದಳು.

ಯಾರೂ ಕರೆಯುವ ಮೊದಲೇ ವಿರೂಪಣ್ಣ ಓಡಿದ. ಅವಳ ಪಕ್ಕದಲ್ಲಿ ಕುಳಿತು ಹಣೆಗೆ ಅಂಗೈ ಇಟ್ಟ.

“ಯವ್ವಾ, ಅಂಜಬ್ಯಾಡ. ಏನೂ ಆಗಂಗಿಲ್ಲ. ನಾಲಿಗಿ ಮ್ಯಾಲಕ್ಕ ಒತ್ತು. ಹಾಂ, ಹಂಗ. ನಾ ಇದ್ದೀನಿ.”

ಮುದುಕಿ ಒತ್ತಿದಳು. ನಡುಕ ನಿಂತಿತು.

“ಇನ್ನ ಮ್ಯಾಲೆ ಎತ್ತಿ ಕುಡೀಬ್ಯಾಡವ್ವಾ. ತುಟಿ ಹಚ್ಚಿ ಗುಟುಕ ಗುಟುಕ ಕುಡಿ.”

ಪಾನಕಕ್ಕೆ ಸಾಲಿನಲ್ಲಿ ನಿಂತವರು ಮುಖ ಮುಖ ನೋಡಿಕೊಂಡರು. ಕಟ್ಟುನಿಟ್ಟಿನ ವಿರೂಪಣ್ಣ ಹೇಳುವ ಮಾತೇ ಇದು! ಅವನಿಗೆ ಅದರ ಪರಿವೆಯೇ ಇರಲಿಲ್ಲ. ನೀಲವ್ವ ಮೆಲ್ಲಗೆ ಕುಡಿದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವನೂ ನಕ್ಕ. ಒಂಬತ್ತು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಆಮೇಲೆ ಗುರುಗಳ ಮುಂದೆ ಬಂದು ನಿಂತ.

“ಅಜ್ಜಾರ, ನಾಳಿಗೆ ನಾ ಹೋಗಲೋ, ಇರಲೋ?”

ಅಜ್ಜಾರು ಅವನನ್ನೇ ನೋಡಿದರು.

“ನೀ ಆ ಮುದುಕಿ ಹಣಿ ಹಿಡಕೊಂಡು ಕುಂತಿದ್ಯಲ್ಲ, ಆವಾಗ ನಿನ್ನ ಹಣಿ ಎಲ್ಲಿತ್ತೋ ತಮ್ಮಾ?”