ಮನೆ ತೋರಿಸಿದ ಪುಟ್ಟಮ್ಮಣ್ಣಿ

ಹೂ ಕಟ್ಟಿ ಬದುಕುವ ಪುಟ್ಟಮ್ಮಣ್ಣಿಯ ಬಾಗಿಲಲ್ಲಿ ವಠಾರದ ಓನರ್ ವೀರಭದ್ರಯ್ಯ ನಿಂತಿದ್ದ. "ಬರೋ ತಿಂಗಳಿಂದ ಬಾಡಿಗೆ ಡಬ್ಬಲ್. ಆಗದಿದ್ದರೆ ಖಾಲಿ ಮಾಡಮ್ಮ."

"ಹೀಗೆ ಏಕಾಏಕಿ ಏರಿಸೋ ಹಾಗಿಲ್ಲವಂತೆ. ಕಾನೂನಿದೆಯಂತಲ್ಲ ಸ್ವಾಮಿ?"

"ಇದೆ, ಕೋರ್ಟಿಗೆ ಹೋಗು. ತೀರ್ಪು ಬರೋ ಹೊತ್ತಿಗೆ ನೀನಿರಬೇಕಲ್ಲ! ನಾಳೆ ಮನೆ ನೋಡೋಕೆ ಜನ ಬರ್ತಾರೆ, ನೀನೇ ತೋರಿಸು. ಮನೆ ಬಗ್ಗೆ ಒಂದು ಕೆಟ್ಟ ಮಾತಾಡಿದರೂ ನಿನ್ನ ಸಾಮಾನು ಬೀದಿಗೆ."

ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ತಲೆಯಾಡಿಸಿದಳು.

ಜನ ಬಂದರು. "ನೀರು ಹೇಗಮ್ಮ?"

ಪುಟ್ಟಮ್ಮಣ್ಣಿ ಕೈಮುಗಿದಳು. "ಮನೆ ಬಗ್ಗೆ ಕೆಟ್ಟ ಮಾತಾಡಬಾರದು ಅಂತ ಓನರ್ ಹೇಳಿದ್ದಾರೆ."

"ಮಳೆಗೆ ಸೋರುತ್ತಾ?"

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಓನರ್ ಹೇಗೆ?"

ಸೆರಗು ಕಣ್ಣಿಗೇರಿತು. ಅದು ಮಾತ್ರ ನಾಟಕವಲ್ಲ. ಬಂದವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ವೀರಭದ್ರಯ್ಯ ಕೆಂಡವಾಗಿ ಬಂದ. "ಏನು ಹೇಳಿದೆ ಅವರಿಗೆ?"

"ನಿಮ್ಮಾಣೆ, ಒಂದೂ ಕೆಟ್ಟ ಮಾತಾಡಲಿಲ್ಲ. ನಾಳೆಯಿಂದ ಬೇಕಾದರೆ ಬಾಯಿಬಿಟ್ಟು ಹೇಳಲಾ?"

"ಬೇಡ ತಾಯಿ! ಹಳೇ ಬಾಡಿಗೆಗೇ ಬಿದ್ದಿರು."

ವಠಾರವೆಲ್ಲ ನಕ್ಕಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಪುಟ್ಟಮ್ಮಣ್ಣಿ ಒಳಗೆ ಓಡಿ, ಸೋರುವ ಕಡೆಯಲ್ಲೆಲ್ಲ ಪಾತ್ರೆ ಇಟ್ಟು, ನೆನೆಯದ ಒಂದೇ ಮೂಲೆಯಲ್ಲಿ ಮುದುಡಿ ಕೂತಳು. ಇಷ್ಟೆಲ್ಲ ಬುದ್ಧಿ ಓಡಿಸಿ ಅವಳು ಗೆದ್ದುಕೊಂಡದ್ದು ಈ ಮನೆಯನ್ನು.